ಎ ಗ್ರೇಡ್ ಎದೆಬಡಿತ

ಎದೆಬಡಿತಕ್ಕೆ ಗ್ರೇಡು ಹಾಕಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಹೆಮ್ಮೆಯಿಂದ ಹೇಳುತ್ತಿಲ್ಲ. ನಾನು ಹೇಳದೆ ಬಿಟ್ಟರೆ ಊರಿನವರು ತಮಗೆ ಬೇಕಾದ ಹಾಗೆ ಹೇಳಿಬಿಡುತ್ತಾರೆ, ಅದಕ್ಕಿಂತ ನಾನೇ ಹೇಳುವುದು ವಾಸಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸಕ್ಕಿದ್ದೆ. ಸಾಲಾಗಿ ಕೂತ ಹೆಂಗಸರು ಆರಿಸಿ ಹಾಕಿದ ಬೀಜವನ್ನು ಮತ್ತೊಮ್ಮೆ ನೋಡಿ ಒಪ್ಪುವುದು ನನ್ನ ಕೆಲಸ. ಒಂದೇ ಗಾತ್ರ, ಒಂದೇ ಬಣ್ಣ, ಒಂದೇ ಆಕಾರದ್ದು ಎ. ಸ್ವಲ್ಪ ಸಣ್ಣದು ಬಿ. ಒಡೆದದ್ದು, ಕಪ್ಪಾದದ್ದು, ಸೊಟ್ಟಗಾದದ್ದು ಬಿಟ್ಸ್. ಮೂರು ವರ್ಷ ಇದನ್ನೇ ಮಾಡಿದರೆ ಕಣ್ಣು ಕೆಡುತ್ತದೆ. ಕುರುಡಾಗುತ್ತದೆ ಅಂತಲ್ಲ, ಕಂಡದ್ದನ್ನೆಲ್ಲ ಆರಿಸತೊಡಗುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರಿಗೂ ಮನಸ್ಸಿನಲ್ಲೇ ಎ, ಬಿ, ಬಿಟ್ಸ್ ಅಂತ ಹಾಕುತ್ತಾ ಹೋಗುತ್ತಿದ್ದೆ. ನನ್ನನ್ನು ನೋಡಲು ಬಂದಿದ್ದ ಎರಡು ಗಂಡುಗಳೂ ಬಿಟ್ಸಿಗೇ ಹೋದವು.

ಮಳೆಗಾಲ ಮುಗಿಯುವ ಹೊತ್ತಿಗೆ ಕ್ಯೂರಿಂಗಿನಲ್ಲಿ ಕೆಲಸ ಇರುವುದಿಲ್ಲ. ಹೊಸ ಹಣ್ಣು ಕೊಯ್ದು, ಒಣಗಿ ಬರುವವರೆಗೆ ನಾವೆಲ್ಲ ಮನೆಗೆ. ನಮ್ಮ ಮನೆ ಜಾವಳಿ ಕಡೆಯ ಒಂದು ಎಸ್ಟೇಟಿನೊಳಗೆ ಇತ್ತು. ಅಪ್ಪಯ್ಯ ಅಲ್ಲಿ ರೈಟರು. ಆಳುಗಳ ಹಾಜರಿಯಿಂದ ಹಿಡಿದು ಪಾರ್ಚ್‌ಮೆಂಟ್ ಅನ್ನುವ ಅರೆ ಸುಲಿದ ಕಾಫಿಯ ಮೂಟೆಯವರೆಗೆ ಎಲ್ಲ ಅವರ ಕೈಬರಹದಲ್ಲೇ ಇರಬೇಕು. ಅವರು ಬರೆದರೆ ನಡೆದ ಹಾಗೆ, ಬರೆಯದಿದ್ದರೆ ನಡೆಯದ ಹಾಗೆ. ಮನೆಯಲ್ಲೂ ಇದೇ ಕಾನೂನು.

ಆ ವರ್ಷ ನಾನು ಬರುವಾಗ ಅಕ್ಕ ಆಗಲೇ ಬಂದಿದ್ದಳು. ಕಳಸದ ಹತ್ತಿರ ಅವಳ ಗಂಡನ ಮನೆ. ಮೊದಲ ಹೆರಿಗೆ ತವರಲ್ಲಿ ಆಗಬೇಕು ಅಂತ ಅಮ್ಮ ಎಲ್ಲ ಸಜ್ಜು ಮಾಡಿಟ್ಟಿದ್ದಳು, ಆದರೆ ದಿನ ತುಂಬುವ ಮೊದಲೇ ನೋವು ಬಂದು ಅಲ್ಲೇ ಆಯಿತು. ಮಗು ಒಂಬತ್ತು ದಿನ ಇತ್ತು. ಅತ್ತೆ ಕೆಟ್ಟವರೇನಲ್ಲ. "ಅಳ್ಬೇಡ, ಅತ್ರೆ ಮುಂದಿನ ಮಗೂಗೆ ಆಗಿಬರಲ್ಲ" ಅಂದರಂತೆ. ಅಕ್ಕ ಅಳಲಿಲ್ಲ. ಬಾಣಂತನಕ್ಕೆ ಅಂತ ಅಮ್ಮ ಕರೆತಂದು ಮೂರು ತಿಂಗಳಾಗಿತ್ತು.

ನಮ್ಮ ಅಕ್ಕ ಅಂದರೆ ಮೊದಲು ಎಂಥವಳು! ಬಸ್ಸಿನ ಕಂಡಕ್ಟರನ ಜೊತೆ ಜಗಳ ಆಡಿ, ಇಳಿಯುವಾಗ ಅವನನ್ನೇ ನಗಿಸಿ ಇಳಿಯುವವಳು. ಅವಳು ನಕ್ಕರೆ ಕೆಳಗಿನ ಗದ್ದೆಯಲ್ಲಿ ನಾಟಿ ಮಾಡುವವರು ತಲೆ ಎತ್ತಿ ನೋಡಬೇಕು. ಈಗ ಬೆಳಿಗ್ಗೆ ಐದಕ್ಕೆ ಏಳುತ್ತಾಳೆ, ಒಲೆ ಹಚ್ಚುತ್ತಾಳೆ, ಗುಡಿಸುತ್ತಾಳೆ, ಬಟ್ಟೆ ಒಗೆಯುತ್ತಾಳೆ. ಏನಾದರೂ ಕೇಳಿದರೆ "ಹೂಂ" ಅನ್ನುತ್ತಾಳೆ, ಕೇಳದಿದ್ದರೆ ಅದೂ ಇಲ್ಲ. ಮನೆಗೆ ಬಂದ ಹೆಂಗಸರು, "ಎಷ್ಟು ಗಂಭೀರ ಆಗಿದಾಳೆ ಮಾರಾಯ್ತಿ, ಹುಡುಗಾಟ ಎಲ್ಲ ಬಿಟ್ಟೇ ಹೋಯ್ತು" ಅಂತ ಹೊಗಳಿ, ಕಾಫಿ ಕುಡಿದು ಹೋದರು. ಸುಳ್ಳೇಕೆ ಹೇಳಲಿ, ಅವಳು ನನ್ನ ಜೊತೆ ಜಗಳಕ್ಕೆ ಬರದೆ ಇದ್ದದ್ದು ನನಗೂ ಆರಾಮಾಗೇ ಇತ್ತು.

ಮನೆಯಲ್ಲಿ ಇದ್ದ ಒಂದೇ ತಕರಾರು ಅವಳನ್ನು ಯಾವಾಗ ವಾಪಸ್ ಕಳಿಸುವುದು ಅಂತ. ಅಮ್ಮನಿಗೆ ಮನಸ್ಸಿಲ್ಲ. "ಇನ್ನೊಂದೆರಡು ತಿಂಗ್ಳು ಇರ್ಲಿ, ಮುಖ ನೋಡಿ, ಹೆಂಗೆ ಆಗಿದೆ." ಅಪ್ಪಯ್ಯನದು ಒಂದೇ ಪ್ರಶ್ನೆ: "ಜ್ವರ ಉಂಟಾ? ಕೆಮ್ಮು ಉಂಟಾ? ಊಟ ಮಾಡ್ತಾಳೆ ತಾನೆ? ಮತ್ತೆಂತ ಕಾರಣ ಹೇಳೋದು ಅವ್ರಿಗೆ?" ಕಾರಣ ಅಮ್ಮನಿಗೂ ಗೊತ್ತಿರಲಿಲ್ಲ. ಅಕ್ಕನನ್ನು ಕೇಳುವ ಯೋಚನೆ ಇಬ್ಬರಿಗೂ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ.

ಇಂಥ ಹೊತ್ತಿಗೆ ಡಾಕ್ಟರು ಬಂದರು.

ಘಟ್ಟದ ಕೆಳಗಿನ ಒಂದು ಮೆಡಿಕಲ್ ಕಾಲೇಜಿನವರು, ಇನ್ನೂ ಮೀಸೆ ಸರಿಯಾಗಿ ಕೂರದ ವಯಸ್ಸು. ದೊಡ್ಡ ಪರೀಕ್ಷೆಗೆ ಒಂದು ಸಂಶೋಧನೆ ಮಾಡಿ ಬರೆದು ಕೊಡಬೇಕಿತ್ತಂತೆ. ನಮ್ಮ ಎಸ್ಟೇಟನ್ನೇ ಆರಿಸಿದ್ದಕ್ಕೆ ವೈಜ್ಞಾನಿಕ ಕಾರಣಗಳಿವೆ ಅಂದರು. ನನಗೆ ಕಂಡ ಕಾರಣ ಇಷ್ಟು: ಎಸ್ಟೇಟಿನ ಯಜಮಾನರಾದ ನಮ್ಮ ಸಾಹುಕಾರರು ಅವರಿಗೆ ತಾಯಿಯ ಕಡೆ ನೆಂಟರು, ಬಂಗಲೆಯ ಔಟ್‌ಹೌಸ್ ಖಾಲಿ ಇತ್ತು, ಮತ್ತು ಬಂಗಲೆಯ ಅಡುಗೆಯವನ ಕೋಳಿ ಸಾರು ಕೊಟ್ಟಿಗೆಹಾರದವರೆಗೆ ಹೆಸರು ಮಾಡಿತ್ತು.

"ಮನಸ್ಸಿಗೂ ಎದೆಬಡಿತಕ್ಕೂ ಸಂಬಂಧ ಉಂಟು. ನಿಮಿಷಕ್ಕೆ ಎಷ್ಟು ಸಲ ಬಡೀತದೆ ಅಂತ ಅಲ್ಲ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಬಿಡುವು ಉಂಟು ಅಂತ ನಾನು ನೋಡೋದು" ಅಂತ ಅವರು ಅಪ್ಪಯ್ಯನಿಗೆ ವಿವರಿಸಿದರು. ಅಪ್ಪಯ್ಯ ಎಲ್ಲ ಅರ್ಥವಾದವರ ಹಾಗೆ ತಲೆ ಆಡಿಸಿ, ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದಲ್ಲಿ ಪಾಸಾದ ಮಗಳು ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ ಅಂದರು. ನಾನು ಸಂಶೋಧನೆಗೆ ಸೇರಿದ್ದು ಹಾಗೆ.

ಡಾಕ್ಟರ ಮಿಷನ್ನು ಒಂದು ಸೂಟ್‌ಕೇಸಿನಷ್ಟಿತ್ತು. ಮಲಗಿಸಿ, ಕೈಕಾಲಿಗೆ ತಣ್ಣನೆಯ ಜೆಲ್ಲಿ ಹಚ್ಚಿ, ವಯರು ಕಟ್ಟಿದರೆ ಅದರ ಮುಳ್ಳು ಚೌಕುಳಿ ಕಾಗದದ ಮೇಲೆ ಎದೆಬಡಿತ ಬರೆಯುತ್ತಿತ್ತು. ಒಬ್ಬೊಬ್ಬರಿಗೆ ಒಂದು ನಿಮಿಷ, ಹೆಚ್ಚುಕಡಿಮೆ ಒಂದೂವರೆ ಗಜದ ಕಾಗದದ ಪಟ್ಟಿ. ಒಂದೊಂದು ಬಡಿತಕ್ಕೂ ಒಂದು ಚೂಪು ಗೆರೆ. ಗೆರೆಯಿಂದ ಗೆರೆಗೆ ಎಷ್ಟು ದೂರ ಅಂತ ಕೈವಾರ ಇಟ್ಟು ಅಳೆದು ಬರೆಯುವುದು ನನ್ನ ಪಾಲಿನ ವಿಜ್ಞಾನ.

ಜೊತೆಗೆ ಒಂದು ಪ್ರಶ್ನಾವಳಿ ಬೇರೆ. ಇಂಗ್ಲಿಷಿನಿಂದ ಯಾರೋ ಪಂಡಿತರ ಕೈಲಿ ಕನ್ನಡ ಮಾಡಿಸಿಕೊಂಡು ಬಂದಿದ್ದರು. "ಕಳೆದ ಒಂದು ಪಕ್ಷದಲ್ಲಿ ತಮಗೆ ನಿರುತ್ಸಾಹದ ಅನುಭವ ಉಂಟಾಗಿರುತ್ತದೆಯೇ?" ಅಂತ ಓದಿದರೆ ಆಳುಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕೊನೆಗೆ ಮೇಸ್ತ್ರಿ ನೆರವಿಗೆ ಬಂದ. "ಕೆಲ್ಸದಲ್ಲಿ ಸೋಂಬೇರಿತನ ಮಾಡ್ತೀಯಾ ಅಂತ ಕೇಳ್ತಿದಾರೆ." ತಮ್ಮ ಮೇಸ್ತ್ರಿಯೇ ಎದುರಿಗೆ ನಿಂತು ಹೀಗೆ ಕೇಳಿದರೆ ಯಾರು ಹೌದು ಅಂತಾರೆ? "ಅಯ್ಯೋ ಇಲ್ಲಪ್ಪ!" ಅಂತ ಎಲ್ಲರೂ ಒಕ್ಕೊರಲಿನಿಂದ. "ಅಕಾರಣವಾಗಿ ಅಳು ಬರುತ್ತದೆಯೇ?" ಅಂದರೆ ಒಬ್ಬ ಮುದುಕಿ, "ಕಾರಣ ಇಲ್ದೆ ಯಾರಾದ್ರೂ ಅಳ್ತಾರಾ? ನಮಗೇನು ಬೇರೆ ಕೆಲ್ಸ ಇಲ್ವಾ?" ಅಂತ ಡಾಕ್ಟರನ್ನೇ ದಬಾಯಿಸಿದಳು. ಡಾಕ್ಟರು "ಇಲ್ಲ" ಅಂತ ಬರೆದುಕೊಂಡರು. ರೈಟರು, ಡ್ರೈವರು ಇವರ ಮನೆಯ ಹೆಂಗಸರ ಪ್ರಶ್ನಾವಳಿಗಳನ್ನು ಮನೆಗೇ ಕೊಟ್ಟು ಕಳಿಸಿದರು, ಅವು ಮರುದಿನವೇ ಚೊಕ್ಕವಾಗಿ ಭರ್ತಿಯಾಗಿ ಬಂದವು.

ಮೊದಲನೇ ದಿನ ಮಲಗಿದವರಲ್ಲಿ ಸಾಹುಕಾರರು ಒಬ್ಬರು, ಅಕ್ಕ ಒಬ್ಬಳು. ಅಪ್ಪಯ್ಯ ಹೋಗು ಅಂದರು, ಅವಳು ಬಂದಳು. ಬಂದವರೆಲ್ಲ ಕರೆಂಟು ಹೊಡೀತದಾ, ರಕ್ತ ತೆಗೀತಾರಾ ಅಂತ ನೂರು ಕೇಳಿದರು. ಅವಳು ಒಂದೂ ಕೇಳಲಿಲ್ಲ. ಮುಗಿದ ಮೇಲೆ ಏಳಿ ಅಂತ ಎರಡು ಸಲ ಹೇಳಬೇಕಾಯಿತು.

ಇಪ್ಪತ್ತು ಚಿಲ್ಲರೆ ಜನರದ್ದು ಆಗುವಷ್ಟರಲ್ಲಿ ಕಾಗದದ ರೋಲು ಮುಗಿಯಿತು. "ಅಳತೆ ಬರೆದು, ಹೆಸರಿನ ಪ್ರಕಾರ ಜೋಡಿಸಿ ಇಡಿ" ಅಂತ ನನಗೆ ಹೇಳಿ ಡಾಕ್ಟರು ಹೊಸ ರೋಲು ತರಲು ಚಾರ್ಮಾಡಿ ಘಾಟಿ ಇಳಿದು ಹೋದರು. ಬರುವುದು ಮೂರು ದಿನದ ಮೇಲೆ.

ಅಳತೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಉಳಿದ ಹೊತ್ತಿಗೆ ಏನು ಮಾಡುವುದು? ಪಟ್ಟಿಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಕೆಲವರದ್ದು ಗೆರೆಗಳು ಒಮ್ಮೆ ಒತ್ತೊತ್ತಾಗಿ, ಒಮ್ಮೆ ದೂರ ದೂರ. ಕೆಲವರದ್ದು ಒಂದೇ ಸಮ. ನನ್ನ ಕೈ ಸುಮ್ಮನಿರುತ್ತದೆಯೇ? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಸಿಕ್ಕಿದ್ದು ಒಂದು ಕೆಂಪು ಪೆನ್ಸಿಲು. ಸಮನಾಗಿದ್ದದ್ದಕ್ಕೆ ಎ ಅಂತ ಬರೆದೆ. ಸ್ವಲ್ಪ ಹೆಚ್ಚುಕಡಿಮೆ ಇದ್ದದ್ದು ಬಿ. ತೀರಾ ಏರುಪೇರಾದವನ್ನು ಬಿಟ್ಸ್ ಅಂತ ಒಂದು ಹಳೇ ಗೋಣಿಚೀಲಕ್ಕೆ ಹಾಕಿದೆ. ಯಾರೂ ಹೇಳಿರಲಿಲ್ಲ. ಹೇಳದೆ ಮಾಡಿದ್ದೇ ನನ್ನ ಹೆಚ್ಚುಗಾರಿಕೆ ಅಂದುಕೊಂಡಿದ್ದೆ.

ಎಲ್ಲರಲ್ಲೂ ಮೇಲು ಅಕ್ಕನ ಪಟ್ಟಿ. ಕೈವಾರ ಒಂದು ಸಲ ಅಗಲಿಸಿ ಇಟ್ಟರೆ ಕೊನೆಯವರೆಗೆ ಅಲ್ಲಾಡಿಸುವ ಹಾಗಿಲ್ಲ. ಕ್ಯೂರಿಂಗಿನಲ್ಲಿ ಅಂಥ ಬೀಜ ಬಂದರೆ ಬೊಗಸೆಯಲ್ಲಿ ಹಿಡಿದು ಮೇಲಿನವರಿಗೆ ತೋರಿಸುತ್ತಿದ್ದೆವು. ನಾನೂ ತೋರಿಸಿದೆ. ಪಟ್ಟಿಯನ್ನು ಮನೆಗೆ ತಂದು, "ಅಪ್ಪಯ್ಯಾ, ಇಡೀ ಎಸ್ಟೇಟಿಗೇ ಫಸ್ಟು ನಮ್ಮ ಅಕ್ಕ!" ಅಂದೆ.

ಅಪ್ಪಯ್ಯ ಕನ್ನಡಕ ಹಾಕಿಕೊಂಡು ಆ ಒಂದೂವರೆ ಗಜವನ್ನೂ ಓದಿದರು. "ನೋಡ್ದೇನೇ?" ಅಂತ ಅಮ್ಮನನ್ನು ಕರೆದರು. "ಹುಷಾರಿಲ್ಲ, ಹುಷಾರಿಲ್ಲ ಅಂತಿದ್ದಿಯಲ್ಲ. ಮಿಷನ್ನೇ ಎ ಅಂದಿದೆ." ಮಿಷನ್ನು ಎಂತ ಅಂದಿತ್ತು, ಮಣ್ಣು! ಅಂದದ್ದು ನಾನು. ಆದರೆ ಅಮ್ಮ ಪಟ್ಟಿಯನ್ನು ಮುಟ್ಟಿ ನೋಡಿ, "ಮಿಷನ್ನು ಹೇಳಿದ್ರೆ ಸರಿಯಿರ್ಬೋದು" ಅಂತ ಒಳಗೆ ಹೋದಳು. ಅಪ್ಪಯ್ಯ ಆವತ್ತೇ ಭಾವನಿಗೆ ಕಾಗದ ಬರೆದು ಕಳಸದ ಬಸ್ಸಿನ ಡ್ರೈವರ ಕೈಲಿ ಕೊಟ್ಟರು. ಮಗಳು ಪೂರ್ತಿ ಹುಷಾರಾಗಿದ್ದಾಳೆ, ದೊಡ್ಡ ಡಾಕ್ಟರ ಪರೀಕ್ಷೆಯೂ ಆಗಿದೆ, ಭಾನುವಾರ ಬಂದು ಕರೆದುಕೊಂಡು ಹೋಗುವುದು. ಅಕ್ಕ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವ ಸದ್ದು ಒಂದು ಸಲವೂ ನಿಲ್ಲಲಿಲ್ಲ.

ಸುದ್ದಿ ಹಬ್ಬುವುದಕ್ಕೆ ನಮ್ಮಲ್ಲಿ ಫೋನು ಬೇಡ. ಮರುದಿನ ಸಾಹುಕಾರರೇ ಔಟ್‌ಹೌಸಿಗೆ ನಡೆದು ಬಂದರು. "ಏನಮ್ಮ, ಗ್ರೇಡು ಹಾಕ್ತಿದೀಯಂತೆ. ನಂದು ಯಾವ್ದು?" ಅವರದ್ದು ಗೋಣಿಚೀಲದಲ್ಲಿತ್ತು. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಮೆತ್ತಗೆ ಹೇಳಲೂ ಬರುವುದಿಲ್ಲ. "ಬಿಟ್ಸು, ಸಾರ್" ಅಂದೆ.

ಮೂರು ತಲೆಮಾರಿನಿಂದ ಎ ಗ್ರೇಡ್ ಕಾಫಿ ಕಳಿಸಿದ ಮನೆತನ. ಪಾಪ, ಅವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ಮೂರು ದಿನ ಬಂಗಲೆಯಲ್ಲಿ ಗಂಜಿ. ಕೋಳಿ ಕೂಗುವುದು ಕೇಳಿಸಿದರೂ ಮುಖ ತಿರುಗಿಸುತ್ತಿದ್ದರಂತೆ. ಎದೆಗೆ ಆಯಾಸ ಆಗುತ್ತದೆ ಅಂತ ಯಾರನ್ನೂ ಬೈಯಲಿಲ್ಲ. ಸಂಶೋಧನೆಯಿಂದ ಎಸ್ಟೇಟಿಗೆ ಏನಾದರೂ ಉಪಕಾರ ಆಗಿದ್ದರೆ ಈ ಮೂರು ದಿನದ ಶಾಂತಿ ಒಂದೇ.

ಮೇಸ್ತ್ರಿಗೆ ಧಣಿಯ ಮಾನ ಉಳಿಸುವ ಚಿಂತೆ. "ಇದು ಎಂತಕ್ಕೆ ಸೊಟ್ಟ ಆಗ್ತದೆ ಅಕ್ಕೋರೇ?" ಅಂತ ನನ್ನನ್ನು ಕೇಳಿದ. ಡಾಕ್ಟರು ಪಟ್ಟಿ ತೆಗೆಯುವಾಗ ನಾನು ಪಕ್ಕದಲ್ಲೇ ನಿಂತು ನೋಡಿದ್ದೆನಲ್ಲ, ಜಾಣತನ ತೋರಿಸಿದೆ. "ಉಸಿರು ಎಳ್ಕೊಂಡಾಗ ಗೆರೆ ಹತ್ರ ಹತ್ರ ಬರ್ತದೆ, ಬಿಟ್ಟಾಗ ದೂರ ಹೋಗ್ತದೆ." ಮೇಸ್ತ್ರಿ ಒಂದು ಗಳಿಗೆ ಯೋಚಿಸಿದ. "ಹಾಗಾದ್ರೆ ಉಸಿರೇ ಆಡ್ಬಾರ್ದು" ಅಂದ. ಬೆಳಿಗ್ಗೆ ಹಾಜರಿ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ ಅದನ್ನೇ ಆಜ್ಞೆ ಮಾಡಿದ. ಮಲಗಿದ ತಕ್ಷಣ ಉಸಿರು ಕಟ್ಟಬೇಕು. ತಡೆಯಲಾಗದಿದ್ದರೆ ಮಧ್ಯೆ ಒಂದು ಕಳ್ಳ ಉಸಿರು, ಅಷ್ಟೆ. ನಮ್ಮ ಎಸ್ಟೇಟಿನ ಮರ್ಯಾದೆ ಪ್ರಶ್ನೆ.

ಗುರುವಾರ ಡಾಕ್ಟರು ಹೊಸ ರೋಲು ತಂದರು. ಶುಕ್ರವಾರ, ಶನಿವಾರ ಇಡೀ ದಿನ ಆಳುಗಳು ಒಬ್ಬರ ಹಿಂದೆ ಒಬ್ಬರು ಬಂದು, ಕೆನ್ನೆ ಉಬ್ಬಿಸಿ ಮಲಗಿ, ಕಣ್ಣು ಕೆಂಪು ಮಾಡಿಕೊಂಡು ಎದ್ದು ಹೋದರು. ಡಾಕ್ಟರ ಕಣ್ಣು ಮಿಷನ್ನಿನ ಮುಳ್ಳಿನ ಮೇಲೇ ಇತ್ತು, ಯಾರ ಮುಖವನ್ನೂ ನೋಡಲಿಲ್ಲ. ಶನಿವಾರ ಸಂಜೆ ಪಟ್ಟಿಗಳನ್ನು ನೋಡುತ್ತಾ ಡಾಕ್ಟರ ಮುಖ ಅರಳಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲ ಒಂದೇ ಸಮ! ಅವರು ಕುರ್ಚಿಯಿಂದ ಎದ್ದು ಅತ್ತಿಂದಿತ್ತ ತಿರುಗಾಡಿದರು. "ಇದು ದೊಡ್ಡ ವಿಷಯ. ಇಷ್ಟು ಜನ ಒಂದೇ ಕಡೆ! ನಮ್ಮ ಪ್ರೊಫೆಸರು ನಂಬ್ಲಿಕ್ಕಿಲ್ಲ" ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಎಸ್ಟೇಟಿಗೆಲ್ಲ ಎ ಗ್ರೇಡು ಬಂದ ಖುಷಿ ಅವರಿಗೂ ಆಗಿದೆ ಅಂತ ನಾನು ತಿಳಿದೆ.

ಭಾನುವಾರ ಬೆಳಿಗ್ಗೆ ಸಾಹುಕಾರರು ಇನ್ನೊಂದು ಸಲ ಅದೃಷ್ಟ ನೋಡಲು ಬಂದು ಮಲಗಿದರು. ಅರ್ಧ ನಿಮಿಷ ಆಗುವಷ್ಟರಲ್ಲಿ ಅವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಡಾಕ್ಟರು ಗಾಬರಿಯಾಗಿ ವಯರು ಕಿತ್ತು, "ಮಾವಾ, ಉಸಿರಾಡಿ! ಎಂತ ಆಯ್ತು?" ಅಂತ ಭುಜ ಹಿಡಿದು ಅಲ್ಲಾಡಿಸಿದರು. ಸಾಹುಕಾರರು ಭುಸ್ ಅಂತ ಗಾಳಿ ಬಿಟ್ಟು, "ಅಯ್ಯೋ, ಕೆಡಿಸ್ಬಿಟ್ಯಲ್ಲೋ ಮಾರಾಯ! ಎ ಬರ್ತಿತ್ತು" ಅಂದರು.

ಆಮೇಲೆ ಒಂದೊಂದಾಗಿ ಎಲ್ಲ ಹೊರಬಿತ್ತು. ಮೇಸ್ತ್ರಿಯ ಆಜ್ಞೆ, ನನ್ನ ಕೆಂಪು ಪೆನ್ಸಿಲು, ಗೋಣಿಚೀಲ. ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಚೀಲದಿಂದ ಸಾಹುಕಾರರ ಮೊದಲ ಪಟ್ಟಿ ಎಳೆದು ತೋರಿಸಿ, "ಇದು ಒಳ್ಳೆ ಎದೆ. ಉಸಿರು ಎಳೆದಾಗ ಓಡ್ತದೆ, ಬಿಟ್ಟಾಗ ನಿಧಾನ ಆಗ್ತದೆ. ಹಾಗೆ ಏರಿಳಿಬೇಕು. ಮನಸ್ಸು ಕುಗ್ಗಿದವರಲ್ಲಿ ಈ ಏರಿಳಿತ ಕಮ್ಮಿ ಆಗ್ತದಾ ಅಂತ ನೋಡ್ಲಿಕ್ಕೇ ನಾನು ಬಂದದ್ದು" ಅಂದರು. ಸಾಹುಕಾರರು ಮಾತು ಮುಗಿಯುವ ಮೊದಲೇ ಎದ್ದು, ಬಾಗಿಲಿನಿಂದಲೇ ಅಡುಗೆಯವನನ್ನು ಕೂಗಿ, ಕೋಳಿ ಹಿಡಿ ಅಂದರು.

"ಹಾಗಾದ್ರೆ ಎ ಅಂದ್ರೆ?" ಅಂತ ಕೇಳಿದೆ. ಅಕ್ಕನ ಪಟ್ಟಿಯನ್ನು ಅವರ ಮುಂದೆ ಇಟ್ಟೆ. ಅವರು ಕೈವಾರ ಇಟ್ಟು ಕೊನೆಯವರೆಗೂ ನಡೆಸಿದರು.

"ಇವರೂ ಉಸಿರು ಕಟ್ಟಿದ್ರಾ?"

"ಇಲ್ಲ. ಇದು ಮೊದಲ್ನೇ ದಿನದ್ದು. ಆಗ ಯಾರೂ ಕಟ್ಟಿರ್ಲಿಲ್ಲ."

ಅವರು ಕೈವಾರ ಮಡಚಿಟ್ಟರು. "ಒಬ್ಬರ ಪಟ್ಟಿ ನೋಡಿ ಎಂತ ಹೇಳ್ಲಿಕ್ಕೂ ಆಗೋದಿಲ್ಲ. ಇದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲದ ವಿಷಯ" ಅಂತ ಅಕ್ಕನ ಪ್ರಶ್ನಾವಳಿ ಹುಡುಕಿ ತೆಗೆದರು. ಇಪ್ಪತ್ತು ಪ್ರಶ್ನೆ. ಇಪ್ಪತ್ತಕ್ಕೂ "ಇಲ್ಲ". ಗುಂಡಗಿನ, ಒಂದರ ಕೆಳಗೊಂದು ದಾರ ಹಿಡಿದ ಹಾಗೆ ನಿಂತ ಅಕ್ಷರ.

"ಇದು ಅವರೇ ಬರೆದದ್ದಾ?"

ಅದು ಅಪ್ಪಯ್ಯನ ಕೈಬರಹ. ಹಾಜರಿ ಪುಸ್ತಕದಲ್ಲಿ ದಿನಾ ನೋಡುವ ಅಕ್ಷರ. ಡಾಕ್ಟರು ಭರ್ತಿ ಮಾಡದ ಒಂದು ಪ್ರಶ್ನಾವಳಿ ನನ್ನ ಕೈಗೆ ಕೊಟ್ಟು, "ಅವರನ್ನೇ ಕೇಳಿ. ಮಿಷನ್ನು ಬೇಡ" ಅಂದರು.

ಕಳಸದಿಂದ ಬರುವ ಹತ್ತೂವರೆ ಬಸ್ಸು ಬಂದು ಹೋಗಿ ಆಗಿತ್ತು. ನಾನು ಓಡಿ ಮನೆ ಮುಟ್ಟುವಾಗ ಭಾವ ಜಗಲಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಅಕ್ಕನ ಟ್ರಂಕು. ಅಪ್ಪಯ್ಯ ಎರಡನೇ ಸಲ ಕಾಫಿ ತರಿಸಿ ಮಿಷನ್ನಿನ ಹಿರಿಮೆ ಹೇಳುತ್ತಿದ್ದರು. ನಾನು ಏದುಸಿರು ಬಿಡುತ್ತಾ, "ಅಪ್ಪಯ್ಯಾ, ಆ ಎ ತಪ್ಪು. ನಾನೇ ಹಾಕಿದ್ದು. ನಂಗೆ ಗೊತ್ತಿಲ್ದೆ ಹಾಕಿದ್ದು" ಅಂದೆ.

"ಎಂತ ತಮಾಷೆಯೇ ನಿಂದು? ಮೊನ್ನೆ ಫಸ್ಟು ಅಂದಿ, ಇವತ್ತು ತಪ್ಪು ಅಂತಿ. ಅವ್ರು ಅಷ್ಟು ದೂರದಿಂದ ಬಂದಿದಾರೆ." ಅಪ್ಪಯ್ಯನ ಮುಖ ಕೆಂಪಾಯಿತು. ಭಾವ ಕಾಫಿ ಲೋಟ ಕೆಳಗಿಟ್ಟರು. ಅವರೂ ಹೆದರಿದ್ದರು ಅಂತ ನನಗೆ ಆಮೇಲೆ ಅನ್ನಿಸಿತು.

ನಾನು ನೆಟ್ಟಗೆ ಒಳಗೆ ಹೋದೆ. ಅಕ್ಕ ಹೊರಡುವ ಸೀರೆ ಉಟ್ಟು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದಳು. ಅವಳ ಎದುರು ಕುಕ್ಕರಗಾಲಲ್ಲಿ ಕೂತು ಆ ಹಾಳಾದ ಪಂಡಿತರ ಕನ್ನಡವನ್ನೇ ಓದತೊಡಗಿದೆ. ನನ್ನ ಸ್ವಂತ ಮಾತಿನಲ್ಲಿ ಕೇಳಲು ಧೈರ್ಯ ಸಾಲಲಿಲ್ಲ. "ತಮಗೆ ರಾತ್ರಿ ಸುಖನಿದ್ರೆ ಬರುತ್ತದೆಯೇ?"

ಅಕ್ಕ ನನ್ನನ್ನೇ ನೋಡಿದಳು. "ಇಲ್ಲ" ಅಂದಳು.

"ಆಹಾರದಲ್ಲಿ ರುಚಿ ಕಂಡುಬರುತ್ತದೆಯೇ?"

"ಎಂತ ತಿಂದೆ ಅಂತ ಗೊತ್ತಾಗಲ್ಲ ಕಣೇ."

ಅಪ್ಪಯ್ಯ, ಅಮ್ಮ, ಭಾವ ಮೂವರೂ ಬಾಗಿಲಿಗೆ ಬಂದು ನಿಂತಿದ್ದರು. ನಾನು ಬಿಡದೆ ಮುಂದಿನದನ್ನು ಓದಿದೆ. "ಅಕಾರಣವಾಗಿ ಅಳು ಬರುತ್ತದೆಯೇ?"

"ಬರ್ತದೆ" ಅಂದಳು. "ಕಾರಣ ಉಂಟಲ್ಲ. ಎಲ್ಲಿ ಕೂತು ಅಳೋದು ಅಂತ ಗೊತ್ತಿಲ್ಲ." ಅಷ್ಟು ಅಂದವಳು ಸೆರಗು ಕೂಡ ಹಿಡಿಯದೆ, ಅಲ್ಲೇ ಎಲ್ಲರ ಮುಂದೆ ಅಳತೊಡಗಿದಳು. ಜೋರಾಗಿ, ಬಿಕ್ಕಿ ಬಿಕ್ಕಿ, ಹೊರಗಿನವರಿಗೆ ಕೇಳುವ ಹಾಗೆ. ಅಮ್ಮ ಓಡಿ ಬಂದು ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಯಾರೂ ಏನೂ ಹೇಳದಿದ್ದರೂ, "ಅಳ್ಲಿ ಬಿಡಿ" ಅಂತ ಎಲ್ಲರಿಗೂ ಗದರಿದಳು.

ಅಪ್ಪಯ್ಯ ನಿಂತೇ ಇದ್ದರು. "ನಂಗೊಂದು ಮಾತು ಹೇಳ್ಬಾರದಿತ್ತಾ ಮಗಳೇ?"

"ನೀವು ಕೇಳ್ಲಿಲ್ಲ ಅಪ್ಪಯ್ಯ" ಅಂದಳು ಅಕ್ಕ, ಬಿಕ್ಕುವುದರ ನಡುವೆ. "ನೀವೇ ಬರ್ಕೊಂಡ್ರಿ. ನಾನು ಎದುರಿಗೇ ಕೂತಿದ್ದೆ."

ಭಾವ ಟ್ರಂಕನ್ನು ತಾವೇ ಎತ್ತಿ ಒಳಗಿಟ್ಟರು. ಅವಸರ ಏನಿಲ್ಲ, ಅವಳೇ ಬರೆದು ತಿಳಿಸಲಿ, ಆಗ ಬರುತ್ತೇನೆ ಅಂದರು. ಅಪ್ಪಯ್ಯ ಅಂಗಳಕ್ಕೆ ಹೋಗಿ, ಬೇಲಿಯ ಹತ್ತಿರ ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತರು. ವಾಪಸು ಬಂದವರು ಹೊಸ್ತಿಲ ಹೊರಗೇ ನೆಲದ ಮೇಲೆ ಕೂತರು, ಅವರು ಹಾಗೆ ನೆಲದ ಮೇಲೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಮಗೂಗೆ ಎಂತ ಹೆಸರು ಇಡ್ಬೇಕು ಅಂದ್ಕೊಂಡಿದ್ದೆ?" ಅಂತ ಕೇಳಿದರು.

ಅಕ್ಕ ಹೇಳಿದಳು. ಭಾವನೂ ಆ ಹೆಸರನ್ನು ಕೇಳಿದ್ದು ಆವತ್ತೇ ಮೊದಲು.